ವೆಂಡೆಲ್ ಟಿಡ್ವೆಲ್‌ನ ಬೆಂಚು

ಭಾವಮೈದುನನ ಹೆಸರಿನ ಬೆಂಚಿನ ಮೇಲೆ ಕೂತವನಿಗೆ ನೆಮ್ಮದಿ ಇರುವುದಿಲ್ಲ ಎಂಬ ಸತ್ಯ ವೆಂಡೆಲ್ ಟಿಡ್ವೆಲ್‌ಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಈಸ್ಟರ್ ಹಬ್ಬದ ಮರುದಿನ ತಿಳಿಯಿತು.

ಬೆಂಚು ಇದ್ದದ್ದು ಜಾರ್ಜಿಯಾದ ದಕ್ಷಿಣದ ತುದಿಯ ವಾಲ್ಡೋಸ್ಟಾದಲ್ಲಿ, ಕೆರೆಯ ಪಕ್ಕದ ಒಂದು ಪಾರ್ಕಿನಲ್ಲಿ. ಅದರ ಬೆನ್ನಿಗೆ ಹಿತ್ತಾಳೆಯ ಫಲಕ. ಫಲಕದ ಮೇಲೆ ‘ಹೊಯ್ಟ್ ಕೇಗಲ್, ಪ್ರಕೃತಿಯ ಆಪ್ತಮಿತ್ರ’ ಎಂಬ ಕೆತ್ತನೆ. ಹೊಯ್ಟ್ ಎಂದರೆ ವೆಂಡೆಲ್‌ನ ಹೆಂಡತಿ ಮೊಝೆಲ್‌ಳ ತಮ್ಮ. ಅವನಿಗೂ ಪ್ರಕೃತಿಗೂ ಇದ್ದ ಸ್ನೇಹ ಗಾಡಿಯ ಕಿಟಕಿಯ ಗಾಜಿನಿಂದ ಆಚೆಗೆ ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಅವತ್ತು ಹೊಯ್ಟ್ ಕರವಸ್ತ್ರ ತೆಗೆದು, ಮೊದಲೇ ಫಳಫಳ ಹೊಳೆಯುತ್ತಿದ್ದ ಫಲಕವನ್ನು ಇನ್ನೊಮ್ಮೆ ಒರೆಸಿ, ಭಾವನಿಗೆ ಕೂರಲು ಹೇಳಿದ. ವೆಂಡೆಲ್ ಕೂತ. ಬೆಂಚು ನುಣ್ಣಗೇ ಇತ್ತು, ಚುಚ್ಚಿದ್ದು ಬೆನ್ನ ಹಿಂದಿನ ಹೆಸರು.

ನ್ಯಾಯವಾಗಿ ನೋಡಿದರೆ ಬೆಂಚು ಸಲ್ಲಬೇಕಾದದ್ದು ವೆಂಡೆಲ್‌ಗೆ. ಮೂವತ್ತೊಂದು ವರ್ಷ ಕಾರ್ಪೆಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮೇಲೆ ಒಂಬತ್ತು ವರ್ಷದಿಂದ ಒಂದು ಮಂಗಳವಾರವನ್ನೂ ತಪ್ಪಿಸದೆ ಅವನು ತನ್ನೂರು ಹಾರ್ಲೋದ ಹತ್ತಿರದ ಬಕ್‌ಹಾರ್ನ್ ಶೋಲ್ಸ್ ಪಾರ್ಕಿಗೆ ಹೋಗುತ್ತಿದ್ದ. ಅಲ್ಲಿ ಹೊಳೆ ಇದೆ, ಹೊಳೆಯ ದಂಡೆಗೆ ನೂರೈವತ್ತು ವರ್ಷದ ಹಿಟ್ಟಿನ ಗಿರಣಿ ಇದೆ, ಗಿರಣಿಯ ಚಕ್ರ ಇನ್ನೂ ತಿರುಗುತ್ತದೆ. ವೆಂಡೆಲ್ ಗಾಳ ಹಾಕುತ್ತಿದ್ದ, ಮೀನು ಸಿಗುತ್ತಿರಲಿಲ್ಲ. ಬಂದವರಿಗೆ ಮರಗಳ ಹೆಸರು ಹೇಳುತ್ತಿದ್ದ, ಗಿರಣಿಯ ಇತಿಹಾಸ ಹೇಳುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಸೇವೆ ಎಂದರೆ ಅದೇ ತಾನೆ?

ಊರಿಗೆ ಬಂದವನೇ ಅವನು ಹೆಂಡತಿಗೆ ತಿಳಿಸದೆ ಪಾರ್ಕಿನ ಕಚೇರಿಗೆ ಹೋಗಿ ಬೆಂಚಿನ ಅರ್ಜಿ ಕೇಳಿದ. ಕನ್ನಡಕ ಮನೆಯಲ್ಲಿ ಉಳಿದಿತ್ತು. ಕನ್ನಡಕಕ್ಕಾಗಿ ಮನೆಗೆ ಹೋದರೆ ಮೊಝೆಲ್‌ಗೆ ವಿಷಯ ಗೊತ್ತಾಗುತ್ತದೆ. ಹಾಗಾಗಿ ಅರ್ಜಿಯನ್ನು ಕೈ ನೀಳ ಚಾಚಿ ದೂರ ಹಿಡಿದು, ಕಂಡಷ್ಟನ್ನು ಓದಿ, ಕಾಣದ್ದನ್ನು ಊಹಿಸಿ ತುಂಬಿಸಿದ.

‘ಯಾರ ನೆನಪು ಉಳಿಯಬೇಕು’ ಎಂದು ಮೊದಲ ಸಾಲಿನಲ್ಲಿತ್ತು. ಇನ್ಯಾರದು? ತನ್ನ ಹೆಸರು ಬರೆದ. ಅದರ ಮುಂದೆ ಎರಡು ತಾರೀಖಿಗೆ ಜಾಗ ಬಿಟ್ಟಿದ್ದರು. ಒಂದರಲ್ಲಿ ಹುಟ್ಟಿದ ದಿನ ಬರೆದ. ಇನ್ನೊಂದು ಅರ್ಜಿ ಕೊಟ್ಟ ದಿನವಿರಬೇಕೆಂದು ಆವತ್ತಿನ ತಾರೀಖು ಹಾಕಿದ. ದಾನಿಯ ಹೆಸರು ಕೇಳಿದ್ದರು. ಮನೆಯಲ್ಲಿ ಚೆಕ್ಕಿಗೆ ಸಹಿ ಹಾಕುವವಳು ಮೊಝೆಲ್ ಆದ್ದರಿಂದ ಅವಳ ಹೆಸರು ಬರೆದ, ಹಣವನ್ನು ಮಾತ್ರ ಅವಳಿಗೆ ಕಾಣದಂತೆ ಕೂಡಿಟ್ಟ ನೋಟುಗಳಲ್ಲಿ ಕೊಟ್ಟ. ನೆನಪಿನ ವ್ಯಕ್ತಿಗೂ ದಾನಿಗೂ ಏನು ಸಂಬಂಧ ಎಂಬಲ್ಲಿ ‘ಬಹಳ ಹತ್ತಿರದ್ದು’ ಎಂದು ಬರೆದ. ಕೊನೆಗೆ ಆ ವ್ಯಕ್ತಿಯ ಬಗ್ಗೆ ಎರಡು ಮಾತು ಬೇಕಿತ್ತು. ವೆಂಡೆಲ್ ಪೆನ್ನಿನ ತುದಿ ಕಚ್ಚಿಕೊಂಡು ಹದಿನೈದು ನಿಮಿಷ ಯೋಚಿಸಿ, ಆತ್ಮಪ್ರಶಂಸೆ ಆಗಬಾರದೆಂಬ ಎಚ್ಚರದಿಂದ, ‘ಈ ಪಾರ್ಕನ್ನು ಪ್ರೀತಿಸಿದ. ಒಂದು ಮೀನಿಗೂ ನೋವು ಮಾಡಿದವನಲ್ಲ’ ಎಂದು ಬರೆದ. ಎರಡನೆಯ ಮಾತಿಗೆ ಊರೇ ಸಾಕ್ಷಿ ಇತ್ತು.

ಮನುಷ್ಯ ತನ್ನ ಮರಣದ ದಾಖಲೆಯನ್ನು ತಾನೇ ತುಂಬಿ, ಮಡಿಸಿ, ಥ್ಯಾಂಕ್ಸ್ ಹೇಳಿ ಕೊಟ್ಟು ಬರುವುದು ದಿನಾ ನಡೆಯುವ ಸಂಗತಿಯಲ್ಲ.

ಜೂನ್ ತಿಂಗಳಲ್ಲಿ ಹೊಯ್ಟ್‌ನ ಹೆಂಡತಿ ನಡೀನ್‌ಗೆ ಮೊಣಕಾಲಿನ ಆಪರೇಷನ್ ಆಯಿತು. ನೋಡಿಕೊಳ್ಳಲು ಮೊಝೆಲ್ ವಾಲ್ಡೋಸ್ಟಾಕ್ಕೆ ಹೋದಳು, ಮೊಝೆಲ್‌ಳನ್ನು ಬಿಡಲು ವೆಂಡೆಲ್ ಹೋದ, ಹೋದವನು ಎರಡು ವಾರ ಅಲ್ಲೇ ಉಳಿದ. ಇತ್ತ ಹಾರ್ಲೋದಲ್ಲಿ ಮನೆಗೆ ಬೀಗ, ಪರದೆ ಎಳೆದಿತ್ತು, ಗಾಡಿ ಇರಲಿಲ್ಲ. ಆ ಎರಡು ವಾರದಲ್ಲೇ ಪಾರ್ಕಿನವರು ಗಿರಣಿಯ ಕೆಳಗೆ ಬೆಂಚು ನೆಟ್ಟರು.

ಅದನ್ನು ಮೊದಲು ಕಂಡವನು ಪಕ್ಕದ ಮನೆಯ ಡ್ಯುವೇನ್ ಪ್ಲಂಕೆಟ್. ನಾಯಿಯನ್ನು ತಿರುಗಾಡಿಸಲು ಹೋದವನು ಫಲಕ ಓದಿದ. ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಈ ವರ್ಷ. ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತ. ಮನೆಗೆ ಬಂದು ಹೆಂಡತಿ ಅರ್ನೆಸ್ಟೀನ್‌ಗೆ ಹೇಳಿದ. ಅರ್ನೆಸ್ಟೀನ್‌ಗೆ ಹೇಳಿದ ಮೇಲೆ ಊರಿಗೆ ಬೇರೆ ಹೇಳುವ ಅಗತ್ಯ ಬೀಳಲಿಲ್ಲ.

ಸಂಜೆಯೊಳಗೆ ವೆಂಡೆಲ್ ಹೃದಯಾಘಾತದಿಂದ ಹೋಗಿದ್ದ. ಮರುದಿನ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಹೋದ ಎಂದರು, ಆದರೆ ಅವನಿಗೆ ಮೀನು ಸಿಕ್ಕಿದ್ದೇ ಇಲ್ಲವಲ್ಲ ಎಂದು ಯಾರೋ ನೆನಪಿಸಿದ್ದರಿಂದ ಮತ್ತೆ ಹೃದಯಕ್ಕೇ ಬಂದರು. ಮೊಝೆಲ್ ತನ್ನವರ ಊರಲ್ಲೇ ಮಣ್ಣು ಮಾಡಿಸಿದಳು ಎಂದೂ ಗೊತ್ತಾಯಿತು. ಅವಳಿಗೆ ಫೋನು ಮಾಡೋಣವೇ ಎಂದು ಕೇಳಿದ್ದಕ್ಕೆ ಪಾದ್ರಿ ಗೇನ್ಸ್ ಅವರು, ದುಃಖದಲ್ಲಿರುವವಳನ್ನು ಪೀಡಿಸಬಾರದು, ಅವಳಾಗಿ ಬಾಯಿಬಿಡುವವರೆಗೆ ಪ್ರಾರ್ಥನೆ ಮಾಡೋಣ ಎಂದರು. ಬರುವ ಮಂಗಳವಾರ, ವೆಂಡೆಲ್‌ನ ವಾರದಂದು, ಹನ್ನೊಂದು ಗಂಟೆಗೆ ಬೆಂಚಿನ ಹತ್ತಿರ ಸೇರೋಣ ಎಂದು ತೀರ್ಮಾನವಾಯಿತು.

ಅದರ ಹಿಂದಿನ ದಿನ, ಸೋಮವಾರ, ವೆಂಡೆಲ್ ವಾಲ್ಡೋಸ್ಟಾದಿಂದ ಒಬ್ಬನೇ ಹೊರಟ. ಮೊಝೆಲ್ ಇನ್ನೊಂದು ವಾರ ಇರುವವಳಿದ್ದಳು. ಮುಟ್ಟಿದ ತಕ್ಷಣ ಫೋನು ಮಾಡು ಎಂದು ಅವಳು ಮೂರು ಸಲ ಹೇಳಿದಳು, ಅವನು ಮೂರು ಸಲ ತಲೆಯಾಡಿಸಿದ. ಮನೆ ಮುಟ್ಟಿದಾಗ ಮುಸ್ಸಂಜೆ. ನೋಡುತ್ತಾನೆ, ಜಗಲಿಯ ತುಂಬ ಐಸ್ ಪೆಟ್ಟಿಗೆಗಳು. ಒಳಗೆ ಚೀಸು ಸುರಿದು ಓವನ್ನಿನಲ್ಲಿ ಬೇಯಿಸಿದ ಕೋಳಿಯ ಕ್ಯಾಸರೋಲು, ಆಲೂಗಡ್ಡೆಯ ಕ್ಯಾಸರೋಲು, ಬೀನ್ಸಿನದು, ಎರಡು ಕೇಕು, ಒಂದು ಹಂದಿ ತೊಡೆ. ಎಲ್ಲಕ್ಕೂ ಚೀಟಿ ಅಂಟಿಸಿದ್ದರು. ‘ಮೊಝೆಲ್, ಈ ಕಷ್ಟದ ಹೊತ್ತಲ್ಲಿ ನಾವಿದ್ದೇವೆ.’ ‘ಮೊಝೆಲ್, ಧೈರ್ಯ ತಂದುಕೋ.’

ನಡೀನ್‌ಳ ಮೊಣಕಾಲಿಗೆ ಊರು ಇಷ್ಟೊಂದು ಮರುಗುತ್ತದೆಂದು ವೆಂಡೆಲ್‌ಗೆ ಗೊತ್ತಿರಲಿಲ್ಲ. ಊರಿನವರ ಒಳ್ಳೆಯತನಕ್ಕೆ ಅವನ ಕಣ್ಣು ಒದ್ದೆಯಾಯಿತು. ಕೃತಜ್ಞತೆಯಿಂದ ಕೋಳಿಯದನ್ನು ಅರ್ಧ, ಆಲೂಗಡ್ಡೆಯದನ್ನು ಮುಕ್ಕಾಲು ಮುಗಿಸಿ, ಕೇಕಿನ ಎರಡು ತುಂಡು ತಿಂದು ಕುರ್ಚಿಯಲ್ಲೇ ನಿದ್ದೆ ಹೋದ. ಗಾಡಿಯಲ್ಲೇ ಬಿಟ್ಟು ಬಂದ ಫೋನು ಬಡಿದುಕೊಂಡದ್ದು ಅವನಿಗೆ ಕೇಳಿಸಲಿಲ್ಲ. ಪಕ್ಕದ ಮನೆಯಲ್ಲಿ ಅರ್ನೆಸ್ಟೀನ್ ದೀಪ ಕಂಡು, ಪಾಪ, ಹೊಯ್ಟ್ ಬಟ್ಟೆಬರೆ ಒಯ್ಯಲು ಬಂದಿರಬೇಕು ಎಂದು ಗಂಡನಿಗೆ ಹೇಳಿದಳು.

ಬೆಳಿಗ್ಗೆ ಹತ್ತೂವರೆಗೆ ವೆಂಡೆಲ್ ಪಾರ್ಕಿನ ಗೇಟಿನಲ್ಲಿದ್ದ. ಗೇಟಿನಲ್ಲಿ ಹೊಸ ರೇಂಜರ್ ಇದ್ದಳು, ತಮೀಕಾ ಗ್ರಿಯರ್ ಅಂತ. ಕೆಲಸಕ್ಕೆ ಸೇರಿ ಎರಡು ವಾರವೂ ಆಗಿರಲಿಲ್ಲ, ಇವನನ್ನು ನೋಡಿದವಳಲ್ಲ. ಹೊಸ ಬೆಂಚು ನೋಡಲು ಬಂದೆ ಎಂದ. ಅವಳ ಮುಖ ಮೆತ್ತಗಾಯಿತು.

“ಟಿಡ್ವೆಲ್ ಅವರಿಗೆ ತಾವು ಸಂಬಂಧಾನಾ ಸರ್?”

“ಬಹಳ ಹತ್ತಿರದವನು,” ಎಂದ ವೆಂಡೆಲ್, ನಾಚುತ್ತ.

“ತುಂಬಾ ಒಳ್ಳೆಯವರಂತೆ. ಎಲ್ಲರೂ ಅದೇ ಹೇಳ್ತಿದಾರೆ.”

“ಹಾಗೆ ನೋಡಿದ್ರೆ ಪರವಾಗಿಲ್ಲ,” ಎಂದ. ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದಳು. ಒಂದು ಬೆಂಚಿಗೆ ಇಷ್ಟು ಮರ್ಯಾದೆ ಎಂದು ಗೊತ್ತಿದ್ದರೆ ವೆಂಡೆಲ್ ಹತ್ತು ವರ್ಷ ಮೊದಲೇ ಅರ್ಜಿ ಹಾಕುತ್ತಿದ್ದ.

ಬೆಂಚು ಅಂದವಾಗಿತ್ತು. ಕನ್ನಡಕ ಇವತ್ತೂ ಇರಲಿಲ್ಲ, ಆದರೆ ಹೆಸರು ದೊಡ್ಡಕ್ಷರದಲ್ಲಿದ್ದುದರಿಂದ ಕಂಡಿತು. ಕೆಳಗಿನ ಸಣ್ಣ ಅಕ್ಷರ ತನ್ನದೇ ಮಾತು, ಓದುವುದೇನಿದೆ? ಕೂತ. ಎದ್ದ. ಇನ್ನೊಂದು ತುದಿಗೆ ಕೂತ. ಹೊಯ್ಟ್‌ನ ಬೆಂಚಿಗಿಂತ ಇದು ಒಂದು ಗೇಣು ಉದ್ದ ಇರಬಹುದೆಂದು ಅನಿಸಿ ಗೇಣು ಹಾಕಿ ಅಳೆದ. ಅಷ್ಟರಲ್ಲಿ ದಾರಿಯಲ್ಲಿ ಜನ ಬರುವುದು ಕಾಣಿಸಿತು. ಕೈಯಲ್ಲಿ ಹೂವು. ಮುಂದೆ ಡ್ಯುವೇನ್, ಜೂನ್ ತಿಂಗಳ ಬಿಸಿಲಲ್ಲಿ ಕಪ್ಪು ಕೋಟು ತೊಟ್ಟು ಬೆವರುತ್ತಿದ್ದ. ಅವನ ಹಿಂದೆ ಪಾದ್ರಿ, ಅವರ ಹಿಂದೆ ಅರ್ಧ ಊರು.

ಉದ್ಘಾಟನೆ, ಎಂದುಕೊಂಡ ವೆಂಡೆಲ್. ತನಗೆ ಅಚ್ಚರಿ ಮಾಡಲೆಂದೇ ಗುಟ್ಟಾಗಿ ಇಟ್ಟುಕೊಂಡಿದ್ದಾರೆ. ಅಂಥಾದ್ದರಲ್ಲಿ ತಾನೇ ಮೊದಲು ಬಂದು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರೆ ಚೆನ್ನಾಗಿರುತ್ತದೆಯೇ? ಕರೆದ ಮೇಲೇ ಮದುಮಗ ಮಂಟಪಕ್ಕೆ ಬರಬೇಕು. ಅವನು ಸರಸರನೆ ಗಿರಣಿಯ ಮೆಟ್ಟಿಲು ಹತ್ತಿ ಮೇಲಿನ ಅಟ್ಟದ ಕಿಟಕಿಯ ಹಿಂದೆ ನಿಂತ. ಕೆಳಗಿನ ಮಾತೆಲ್ಲ ಅಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತನ್ನ ಹೆಸರು ಕೂಗಿದ ಕೂಡಲೇ ಇಳಿಯುವುದೆಂದು ಒಂದು ಕಾಲನ್ನು ಮೊದಲ ಮೆಟ್ಟಿಲ ಮೇಲೆ ಇಟ್ಟುಕೊಂಡ.

ಪಾದ್ರಿಗಳು ಅವನ ಹೆಸರು ಹೇಳಿದರು. ವೆಂಡೆಲ್ ಇನ್ನೊಂದು ಕಾಲು ಎತ್ತಿದ. ಆದರೆ ಅವರು ಕರೆಯಲಿಲ್ಲ. ವೆಂಡೆಲ್ ಈಗ ಎಲ್ಲ ನೋವು ಮುಗಿದ ಜಾಗದಲ್ಲಿ ವಿಶ್ರಮಿಸುತ್ತಿದ್ದಾನೆ ಎಂದರು. ವೆಂಡೆಲ್ ಸುತ್ತ ನೋಡಿದ. ಅಟ್ಟದಲ್ಲಿ ಜೇಡರ ಬಲೆ ಇತ್ತು, ಹಳೆಯ ಚೀಲಗಳಿದ್ದವು. ಅವನು ದೇವರ ಪಾದ ಸೇರಿದ್ದಾನೆ ಎಂದು ಪಾದ್ರಿಗಳು ಮುಂದುವರಿಸಿದಾಗ ಅವನಿಗೆ ನಿಧಾನವಾಗಿ, ಬೆಳಗಿನ ಮಂಜು ಸರಿದ ಹಾಗೆ, ಆ ಅರ್ಜಿಯ ಎರಡನೆಯ ತಾರೀಖು ನೆನಪಾಯಿತು.

ಇಳಿದುಹೋಗಿ ತಾನು ಬದುಕಿದ್ದೇನೆಂದು ಹೇಳಿದರೆ ಇಷ್ಟು ಜನರ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಪ್ರಾಣವೇ ಹೋದ ಲೆಕ್ಕ. ಇಳಿಯಲು ಇದ್ದದ್ದು ಒಂದೇ ಮೆಟ್ಟಿಲ ಸಾಲು, ಅದು ನೇರ ಬೆಂಚಿನ ಪಕ್ಕಕ್ಕೇ ಹೋಗುತ್ತಿತ್ತು. ನುಂಗಲಾರದ, ಉಗುಳಲಾರದ ಆ ಸ್ಥಿತಿಯಲ್ಲಿ ವೆಂಡೆಲ್ ಒಂದು ಹಿಟ್ಟಿನ ಚೀಲದ ಮೇಲೆ ಕೂತು ತನ್ನ ತಿಥಿಯನ್ನು ಕೇಳತೊಡಗಿದ.

ಮೀನಿನ ಹುಳು ಮಾರುವ ಲ್ಯೂಥರ್ ಬಾಯ್ಡ್ ಮಾತಾಡಿದ. ಒಂಬತ್ತು ವರ್ಷ ವೆಂಡೆಲ್ ಪ್ರತಿ ವಾರ ತನ್ನ ಅಂಗಡಿಯಿಂದ ಹುಳು ಒಯ್ದನಂತೆ, ಸಂಜೆ ಮಿಕ್ಕ ಹುಳುಗಳನ್ನು ಒದ್ದೆ ಮಣ್ಣಿಗೆ ಬಿಟ್ಟು ಹೋಗುತ್ತಿದ್ದನಂತೆ. ತನ್ನ ಹೆಂಡತಿ ತೀರಿಕೊಂಡ ವರ್ಷ ಅಂಗಡಿಗೆ ಬಂದು ಏನೂ ಮಾತಾಡದೆ ಒಂದು ಗಂಟೆ ಜೊತೆಗೆ ಕೂತು ಹೋಗುತ್ತಿದ್ದವನು ಅವನೊಬ್ಬನೇ ಎಂದ. ವೆಂಡೆಲ್‌ಗೆ ಅದು ನೆನಪಿತ್ತು. ಅವತ್ತೆಲ್ಲ ಅವನಿಗೆ ಏನು ಮಾತಾಡಬೇಕೋ ತೋಚಿರಲಿಲ್ಲ, ಅಷ್ಟೇ.

ಆಮೇಲೆ ಎಂಬತ್ತೊಂಬತ್ತು ವರ್ಷದ ಮಿಸೆಸ್ ಯಾನ್ಸಿ ಗಾಲಿಕುರ್ಚಿಯಲ್ಲಿ ಕೂತೇ ಮಾತಾಡಿದರು. ಮಂಗಳವಾರ ಯಾರಾದರೂ ಅವರನ್ನು ಪಾರ್ಕಿಗೆ ಕರೆತಂದು ಬಿಟ್ಟರೆ ಕುರ್ಚಿ ತಳ್ಳುತ್ತಿದ್ದವನು ವೆಂಡೆಲ್.

“ದಾರಿಯುದ್ದಕ್ಕೂ ಮರದ ಹೆಸರು ಹೇಳ್ತಿದ್ದ,” ಎಂದರು ಮುದುಕಿ. “ಒಂದೂ ಸರಿ ಇರ್ತಿರ್ಲಿಲ್ಲ. ನಾನು ನಲವತ್ತು ವರ್ಷ ಹೈಸ್ಕೂಲಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ತಿದ್ದೋಣ ಅಂತ ಬಾಯಿ ತೆಗೀತಿದ್ದೆ. ಅಷ್ಟರಲ್ಲಿ ಬೇರು ಅಡ್ಡ ಬರ್ತಿತ್ತು, ಅವನು ಕುರ್ಚಿ ಎಷ್ಟು ಹುಷಾರಾಗಿ ಎತ್ತಿ ದಾಟಿಸ್ತಿದ್ದ ಅಂದ್ರೆ, ಹಾಳಾಗ್ಲಿ, ಅದು ಓಕ್ ಮರಾನೇ ಇರ್ಲಿ ಅನ್ನಿಸ್ತಿತ್ತು.”

ಜನ ನಕ್ಕರು, ಮೂಗು ಒರೆಸಿಕೊಂಡರು. ಅಟ್ಟದ ಮೇಲೆ ಸತ್ತವನೂ ಮೂಗು ಒರೆಸಿಕೊಂಡ. ತನ್ನ ಬದುಕಿನಲ್ಲಿ ತನ್ನ ಬಗ್ಗೆ ಇಷ್ಟು ಮಂದಿ ಒಟ್ಟಿಗೆ ಮಾತಾಡಿದ್ದನ್ನು ಅವನು ಕೇಳಿದ್ದು ಒಂದೇ ಸಲ, ಕಾರ್ಖಾನೆಯಲ್ಲಿ ತಪ್ಪು ಗುಂಡಿ ಒತ್ತಿ ಮುನ್ನೂರು ಗಜ ಕಾರ್ಪೆಟ್‌ಗೆ ಗುಲಾಬಿ ಬಣ್ಣ ಹಾಕಿದ ದಿನ. ಇದು ಅದರ ಹಾಗಿರಲಿಲ್ಲ. ಇನ್ನು ಸ್ವಲ್ಪ ಹೊತ್ತು ಸತ್ತೇ ಇದ್ದರೂ ನಷ್ಟವಿಲ್ಲ ಎಂದು ಅವನು ಚೀಲದ ಮೇಲೆ ಸರಿಯಾಗಿ ಕೂತುಕೊಂಡ.

ಆಗ ಡ್ಯುವೇನ್ ಎದ್ದ.

“ಸತ್ತವರ ವಿಷ್ಯ ಕೆಟ್ಟದ್ದು ಆಡಬಾರದು,” ಎಂದು ಶುರುಮಾಡಿದ. “ಇಪ್ಪತ್ತಾರು ವರ್ಷದ ನೆರೆಯವನು. ಚಿನ್ನದಂಥ ಮನುಷ್ಯ. ನನ್ನ ಹದಿನಾರಡಿ ಏಣಿ ಒಯ್ದಿದ್ದ, ವಾಪಸ್ ಕೊಡ್ಲಿಲ್ಲ. ಪರವಾಗಿಲ್ಲ. ಇವತ್ತು ಎಲ್ಲರ ಎದುರಿಗೆ ಅವನನ್ನ ಕ್ಷಮಿಸಿಬಿಡ್ತಿದೀನಿ.”

ಮಾನ ಹೋದರೆ ಹೋಗಲಿ, ಪ್ರಾಣ ಹೋದರೆ ಹೋಗಲಿ, ವಾಪಸ್ ಕೊಟ್ಟ ಏಣಿಯನ್ನು ಕೊಡಲಿಲ್ಲ ಎನ್ನಿಸಿಕೊಳ್ಳುವುದು ಯಾವ ಶವಕ್ಕೂ ಸಹಿಸಲಾಗುವುದಿಲ್ಲ. ವೆಂಡೆಲ್ ಕಿಟಕಿಯಿಂದ ಎದೆಯವರೆಗೆ ಹೊರಗೆ ಬಾಗಿದ.

“ಡ್ಯುವೇನ್, ಆ ಏಣಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನಾನೇ ನಿನ್ನ ಶೆಡ್ಡಿನ ಹಿಂದೆ ಒರಗಿಸಿ ಬಂದಿದೀನಿ.”

“ಶೆಡ್ಡಿನ ಹಿಂದೆ ಎಲ್ಲಿ?” ಎಂದ ಡ್ಯುವೇನ್, ತಲೆ ಎತ್ತದೆ.

“ಎಡಗಡೆ. ಬಳ್ಳಿ ಬೆಳೆದಿದೆಯಲ್ಲ, ಅದರ ಒಳಗೆ.”

“ಓ,” ಎಂದ ಡ್ಯುವೇನ್. ಆಮೇಲೆ ತಲೆ ಎತ್ತಿದ.

ಪಾದ್ರಿ ಗೇನ್ಸ್ ಅವರು ಪುನರುತ್ಥಾನದ ಬಗ್ಗೆ ಮೂವತ್ತು ವರ್ಷ ಉಪದೇಶ ಮಾಡಿದವರು. ಎದುರಿಗೆ ಒಂದು ನಡೆದಾಗ ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಲ್ಯೂಥರ್ ಕೈಯಲ್ಲಿದ್ದ ಹೂವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಡ್ಯುವೇನ್ ಜೊತೆ ಬಂದಿದ್ದ ನಾಯಿಗೆ ಕೊಟ್ಟ. ಮಿಸೆಸ್ ಯಾನ್ಸಿ ಮಾತ್ರ, ಇಳಿದು ಬರುವಾಗ ಮೂರನೇ ಮೆಟ್ಟಿಲು ಸಡಿಲಾಗಿದೆ, ನೋಡ್ಕೊಂಡು ಬಾ ಎಂದರು.

ಇಳಿದು ಬಂದವನ ಭುಜ, ತೋಳು, ಕೆನ್ನೆಗಳನ್ನು ಊರಿನವರು ಸರದಿಯಲ್ಲಿ ಮುಟ್ಟಿ ನೋಡಿದರು. ಅವನು ತಾರೀಖಿನ ಕಥೆಯನ್ನು, ಕನ್ನಡಕದ ಕಥೆಯನ್ನು ನಾಲ್ಕು ಸಲ ಹೇಳಿದ. ತನ್ನ ಕ್ಯಾಸರೋಲು ತಿಂದೆಯಾ ಎಂದು ಅರ್ನೆಸ್ಟೀನ್ ಕೇಳಿದಳು, ತಿಂದೆ, ಬಹಳ ಚೆನ್ನಾಗಿತ್ತು ಎಂದ. ಆಗ ಅರ್ನೆಸ್ಟೀನ್ ಇದ್ದಕ್ಕಿದ್ದ ಹಾಗೆ ಬಾಯಿಗೆ ಕೈ ಇಟ್ಟುಕೊಂಡಳು.

ಬೆಳಿಗ್ಗೆ ಆರೂವರೆಗೆ ಅವಳಿಗೆ ಮೊಝೆಲ್‌ಳಿಂದ ಫೋನು ಬಂದಿತ್ತು. ವೆಂಡೆಲ್ ರಾತ್ರಿ ಫೋನು ಮಾಡಲಿಲ್ಲ, ಎತ್ತಲೂ ಇಲ್ಲ, ಸ್ವಲ್ಪ ನೋಡುತ್ತೀಯಾ ಎಂದು ಕೇಳಲೆಂದೇ ಮಾಡಿದ್ದಳೋ ಏನೋ. ಅವಳು ವೆಂಡೆಲ್ ಎನ್ನುವಷ್ಟರಲ್ಲಿ ಅರ್ನೆಸ್ಟೀನ್ ಅತ್ತುಬಿಟ್ಟು, ಗೊತ್ತು ಕಣೇ, ಎಲ್ಲ ಗೊತ್ತು, ಹನ್ನೊಂದು ಗಂಟೆಗೆ ಪಾರ್ಕಿನಲ್ಲಿ ಅವನಿಗೆ ಪ್ರಾರ್ಥನೆ ಇಟ್ಟುಕೊಂಡಿದ್ದೇವೆ ಎಂದಿದ್ದಳು. ಆ ಕಡೆ ಸದ್ದಿರಲಿಲ್ಲ. ದುಃಖ ಎಂದುಕೊಂಡು ಇವಳೇ ಫೋನು ಇಟ್ಟಿದ್ದಳು.

ವೆಂಡೆಲ್‌ನ ಮುಖದ ಬಣ್ಣ ಈಗ ನಿಜವಾಗಿ ಸತ್ತವನದಾಯಿತು. ಹಿಂದಿನ ದಿನ ತಾನೇ ಕೈಬೀಸಿ ಕಳಿಸಿಕೊಟ್ಟ ಗಂಡ ದಾರಿಯಲ್ಲೇ ತೀರಿಹೋದ ಎಂದು ನಂಬಿ ಅವಳು ಐದು ಗಂಟೆಯ ದಾರಿಯಲ್ಲಿ ಬರುತ್ತಿದ್ದಳು. ಅವನು ಗಾಡಿಯಲ್ಲಿದ್ದ ಫೋನಿಗಾಗಿ ಓಡಿದ. ಅದರಲ್ಲಿ ಜೀವ ಇರಲಿಲ್ಲ. ಡ್ಯುವೇನ್‌ನ ಫೋನಿನಿಂದ ಮಾಡಬೇಕೆಂದರೆ ನಲವತ್ತೇಳು ವರ್ಷ ಸಂಸಾರ ಮಾಡಿದ ಹೆಂಡತಿಯ ನಂಬರು ತಲೆಗೆ ಬರಲಿಲ್ಲ. ಅರ್ನೆಸ್ಟೀನ್‌ಗೆ ಫೋನು ಬಂದದ್ದು ಮನೆಯ ಗೋಡೆಯ ಹಳೆಯ ಫೋನಿಗೆ, ಅದು ನಂಬರು ತೋರಿಸುತ್ತಿರಲಿಲ್ಲ. ರೇಂಜರ್ ಕಚೇರಿಗೆ ಓಡಿ ಅರ್ಜಿ ಹುಡುಕಿ ತಂದಳು. ಅದರಲ್ಲಿ ದಾನಿಯ ಫೋನ್ ನಂಬರಿನ ಜಾಗದಲ್ಲಿ ವೆಂಡೆಲ್ ಮನೆಯ ಬಾಗಿಲ ನಂಬರು ಬರೆದಿದ್ದ.

ಅಷ್ಟರಲ್ಲಿ ಹೊಯ್ಟ್‌ನ ಗಾಡಿ ಬಂದು ನಿಂತಿತು.

ಮೊಝೆಲ್ ಇಳಿದಳು. ಕಾಲಲ್ಲಿ ಒಂದು ಅವಳ ಚಪ್ಪಲಿ, ಒಂದು ನಡೀನ್‌ಳದು. ಜನ ಎರಡು ಕಡೆಗೆ ಸರಿದು ದಾರಿ ಬಿಟ್ಟರು. ಅವಳು ಗಿರಣಿಯ ದಾರಿಯಲ್ಲಿ ನೆಟ್ಟಗೆ ನಡೆದು ಬಂದು, ಬೆಂಚಿನ ಪಕ್ಕದಲ್ಲಿ ನಿಂತಿದ್ದ ಗಂಡನ ಎದುರು ನಿಂತಳು.

“ಫೋನು ಮಾಡೋದು ಮರ್ತುಬಿಟ್ಟೆ, ಮೊಝೆಲ್,” ಎಂದ ವೆಂಡೆಲ್.

ಅವಳು ಕೈ ಚಾಚಿ ಅವನ ಕೆನ್ನೆ ಮುಟ್ಟಿದಳು. ಕಿವಿ ಹಿಂಡಿ ನೋಡಿದಳು. ಆಮೇಲೆ ಕೈಚೀಲದಿಂದ ಅವನ ಭುಜಕ್ಕೆ ಎರಡು ಹೊಡೆದು, ಅದೇ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. ಅಷ್ಟು ಹೊತ್ತೂ ಹಾರ್ಲೋದ ಜನ ಗಿರಣಿಯ ಚಕ್ರ ಹೇಗೆ ತಿರುಗುತ್ತದೆ ಎಂಬುದನ್ನು ಹಿಂದೆಂದೂ ಇಲ್ಲದ ಆಸಕ್ತಿಯಿಂದ ನೋಡಿದರು. ಹೊಯ್ಟ್ ಫಲಕ ಓದಿದ, ಹೂವಿನ ರಾಶಿ ನೋಡಿದ, ಕೋಟು ತೊಟ್ಟ ಜನರನ್ನು ನೋಡಿದ.

“ನನ್ನ ಬೆಂಚಿಗೆ ಇವತ್ತಿನವರೆಗೆ ಒಬ್ಬರೂ ಒಂದು ಹೂವು ತಂದಿಲ್ಲ,” ಎಂದು ಡ್ಯುವೇನ್‌ಗೆ ಹೇಳಿದ.

ರೇಂಜರ್ ತಮೀಕಾಗೆ ಬೇರೆಯೇ ಚಿಂತೆ ಇತ್ತು. ನೆನಪಿನ ಬೆಂಚು ತೀರಿಕೊಂಡವರಿಗೆ ಮಾತ್ರ ಎಂದು ನಿಯಮವಿದೆ. ಟಿಡ್ವೆಲ್ ಅವರು ಬದುಕಿದ್ದು ನಿಯಮಕ್ಕೆ ಹೊಂದುವುದಿಲ್ಲ. ಫಲಕ ತೆಗೆಯಬೇಕಾದರೆ ದಾನಿಯ ಸಹಿ ಬೇಕು. ಅವಳು ಸಂಕೋಚದಿಂದ ಕಾಗದವನ್ನು ಮೊಝೆಲ್‌ಳ ಮುಂದೆ ಹಿಡಿದಳು. ತಾನು ದಾನಿ ಎಂಬುದು ಮೊಝೆಲ್‌ಗೆ ಆಗಷ್ಟೇ ಗೊತ್ತಾಯಿತು. ಗಂಡನನ್ನು ಒಮ್ಮೆ ನೋಡಿದಳು, ಕನ್ನಡಕ ಹಾಕಿಕೊಂಡು ಅವನ ಅರ್ಜಿಯನ್ನು ಮೇಲಿಂದ ಕೆಳಗೆ ಓದಿದಳು. ‘ಬಹಳ ಹತ್ತಿರದ್ದು’ ಎಂಬಲ್ಲಿ ಸ್ವಲ್ಪ ಹೊತ್ತು ನಿಂತಳು.

“ತೆಗೀಬೇಡಮ್ಮ, ಇರ್ಲಿ,” ಎಂದಳು. “ಇವತ್ತಲ್ಲ ನಾಳೆ ಬೇಕೇ ಆಗುತ್ತೆ. ಆ ಎರಡನೇ ವರ್ಷ ಒಂದನ್ನ ಕೆರೆದುಹಾಕಿಬಿಡು.”

ನಿಯಮದಲ್ಲಿ ಕೆರೆಯುವುದರ ಬಗ್ಗೆ ಏನೂ ಹೇಳಿರಲಿಲ್ಲ. ರೇಂಜರ್ ಅರ ತಂದಳು, ಲ್ಯೂಥರ್ ಉಜ್ಜಿದ. ಈಗ ಫಲಕದ ಮೇಲೆ ಹುಟ್ಟಿದ ವರ್ಷ ಇದೆ, ಅಡ್ಡಗೆರೆ ಇದೆ, ಅದರ ಮುಂದೆ ಹೊಳೆಯುವ ಖಾಲಿ ಜಾಗ ಇದೆ.

ಪ್ರಾರ್ಥನೆಯ ನಂತರದ ಊಟಕ್ಕೆಂದು ಹೆಂಗಸರು ಮಾಡಿ ತಂದಿದ್ದ ಹುರಿದ ಕೋಳಿ, ಜೋಳದ ರೊಟ್ಟಿ, ಮೊಟ್ಟೆ ಎಲ್ಲ ಮರದಡಿಯ ಮೇಜಿನ ಮೇಲೆ ಕಾದಿತ್ತು. ಆಸಾಮಿ ಸಾಯಲಿಲ್ಲವೆಂದು ಅನ್ನ ಚೆಲ್ಲಲಾಗುತ್ತದೆಯೇ? ಎಲ್ಲರೂ ಕೂತರು. ಪಾದ್ರಿಗಳಿಗೆ ಇನ್ನೂ ಮಾತು ಸರಿಯಾಗಿ ಹೊರಡುತ್ತಿರಲಿಲ್ಲವಾದ್ದರಿಂದ ಊಟದ ಮುಂಚಿನ ಪ್ರಾರ್ಥನೆಯನ್ನು ವೆಂಡೆಲ್ ಹೇಳಲಿ ಎಂದು ಸನ್ನೆ ಮಾಡಿದರು. ವೆಂಡೆಲ್ ಎದ್ದು ಟೋಪಿ ತೆಗೆದ. ಕೋಳಿಗಾಗಿ ದೇವರಿಗೆ ವಂದನೆ ಹೇಳಿದ, ಕ್ಯಾಸರೋಲುಗಳಿಗೆ ಒಂದೊಂದಾಗಿ ಹೇಳಿದ, ಹೊಳೆಗೆ, ಗಿರಣಿಗೆ, ನಡೀನ್‌ಳ ಮೊಣಕಾಲಿಗೆ ಹೇಳಿದ. ಆಮೇಲೆ ಟೋಪಿಯನ್ನು ಎದೆಗೆ ಒತ್ತಿಕೊಂಡ.

“ಇದನ್ನೆಲ್ಲ ಸತ್ತ ಮೇಲೆ ಹೇಳ್ತಾರೆ ಅಂತ ಗೊತ್ತಿತ್ತು ದೇವರೇ,” ಎಂದ. “ಕೇಳಿಸುತ್ತೆ ಅಂತ ಗೊತ್ತಿರ್ಲಿಲ್ಲ. ಥ್ಯಾಂಕ್ಸ್.”

ಆಮೆನ್ ಎಂದು ಮೊದಲು ಹೇಳಿದವರು ಮಿಸೆಸ್ ಯಾನ್ಸಿ.

ಸಂಜೆಯ ಹೊತ್ತಿಗೆ ಎಲ್ಲರೂ ಹೊರಟುಹೋದರು. ಡ್ಯುವೇನ್ ಶೆಡ್ಡಿನ ಹಿಂದೆ ನೋಡಲು ಎಲ್ಲರಿಗಿಂತ ಮೊದಲು ಹೋಗಿದ್ದ. ಗಂಡ ಹೆಂಡತಿ ಬೆಂಚಿನ ಮೇಲೆ ಕೂತರು. ಚಕ್ರದಿಂದ ನೀರು ಬೀಳುತ್ತಿತ್ತು. ಮೊಝೆಲ್ ಜೋಡಿಯಲ್ಲದ ಚಪ್ಪಲಿಗಳನ್ನು ಕಳಚಿ ಬದಿಗಿಟ್ಟಳು. ವೆಂಡೆಲ್ ಬೈಗುಳಕ್ಕೆ ಸಿದ್ಧನಾದ.

“ಗಾಡಿಯಲ್ಲಿ ಬರ್ತಾ ಯೋಚನೆ ಮಾಡ್ತಿದ್ದೆ,” ಎಂದಳು. “ಹೆಂಡ್ತಿ ನೀನೂ ಎರಡು ಮಾತಾಡು ಅಂತಾರಲ್ಲ, ಏನ್ ಹೇಳ್ಲಿ ಅಂತ.”

“ಏನ್ ಹೇಳ್ಬೇಕು ಅಂದ್ಕೊಂಡೆ?”

“ಮೇಕನ್ ಊರು ಬರೋವರೆಗೂ ಬರೀ ನಿನ್ನ ತಪ್ಪುಗಳೇ ನೆನಪಾಗ್ತಿದ್ವು. ಕನ್ನಡಕ ಮರೆಯೋದು, ಫೋನು ಮರೆಯೋದು, ಗೊತ್ತಿಲ್ದೇ ಇರೋದನ್ನ ಗೊತ್ತಿದ್ದ ಹಾಗೆ ಹೇಳೋದು. ಏನೂ ಒಳ್ಳೇದು ನೆನಪಾಗ್ತಿಲ್ವಲ್ಲ ದೇವರೇ ಅಂತ ಅತ್ತೆ.” ಅವಳು ನೀರನ್ನೇ ನೋಡುತ್ತಿದ್ದಳು. “ಮೇಕನ್ ದಾಟಿದ ಮೇಲೆ ಆ ತಪ್ಪುಗಳೇ ಬೇಕು ಅನ್ನಿಸ್ತು.”

“ಎಲ್ಲವೂ?” ಎಂದು ಕೇಳಿದ ವೆಂಡೆಲ್, ನಂಬಲಾರದೆ.

“ಅಟ್ಲಾಂಟಾ ಬರೋ ಹೊತ್ತಿಗೆ, ಎಲ್ಲವೂ.”

ವೆಂಡೆಲ್‌ಗೆ ಹೇಳುವುದು ಬಹಳವಿತ್ತು. ಬಾಯಿ ತೆಗೆದ, ಲ್ಯೂಥರ್ ಹೇಳಿದ್ದು ನೆನಪಾಗಿ ಮುಚ್ಚಿಕೊಂಡ, ಅವಳ ಕೈ ಹಿಡಿದುಕೊಂಡು ಸುಮ್ಮನೆ ಕೂತ. ರೇಂಜರ್ ಗೇಟು ಹಾಕುವ ಹೊತ್ತಾಯಿತೆಂದು ಹೇಳಲು ದಾರಿಯ ತಿರುವಿನವರೆಗೆ ಬಂದಳು, ಇಬ್ಬರನ್ನೂ ನೋಡಿದಳು, ಬಂದ ಹಾಗೆಯೇ ಹಿಂದಕ್ಕೆ ಹೋಗಿ ಕಚೇರಿಯಲ್ಲಿ ಇನ್ನರ್ಧ ಗಂಟೆ ಏನಾದರೂ ಕೆಲಸವಿದೆಯೇ ಎಂದು ಹುಡುಕತೊಡಗಿದಳು.